ಎರಡರಲ್ಲಿ ಒಂದು ಹೇಳಿ ಸಾರ್

"ಆಗೈತೋ, ಆಗಿಲ್ವೋ? ಎರಡರಲ್ಲಿ ಒಂದು ಹೇಳಿ ಸಾರ್."

ಎರಡನೇ ಶನಿವಾರ ಬೆಳಿಗ್ಗೆ ಏಳೂವರೆಗೆ ಬಂದ ಫೋನು. ಸಕಲೇಶಪುರದ ಆಚೆಗಿನ ಒಂದು ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿ. ಸಿಗ್ನಲ್ ಸಿಗಲೆಂದು ಮನೆ ಹಿಂದಿನ ದಿಬ್ಬ ಹತ್ತಿ ನಿಂತಿದ್ದರು, ಅವರ ಕೊಡೆಯ ಮೇಲೆ ಬೀಳುವ ಮಳೆಯ ಸದ್ದು ನನಗೇ ಕೇಳುತ್ತಿತ್ತು. ನಾನು "ಗೊತ್ತಿಲ್ಲಮ್ಮ" ಅಂದೆ. ಒಂದು ಗಳಿಗೆ ಸುಮ್ಮನಿದ್ದು, "ಗೊತ್ತಿಲ್ಲ ಅನ್ನೋದು ಮೂರನೇದಾ?" ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ತನ್ನ ಸಂಘದ ಹೆಂಗಸರಿಗೆ ಏನು ಹೇಳಬೇಕೆಂದು ತಿಳಿಯದೆ ಕೇಳಿದ್ದರು.

ಅವರು ಕೇಳಿದ್ದು ಜೂನ್ ಕೊನೆಯ ಹದಿನೈದು ದಿನದ ಹಾಲಿನ ದುಡ್ಡಿನ ಬಟವಾಡೆ ಆಗಿದೆಯೋ ಇಲ್ಲವೋ ಎಂದು. ನಮ್ಮಲ್ಲಿ ಆಯಾ ತಾಲ್ಲೂಕಿನ ಲೆಕ್ಕವನ್ನು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರೇ ರಾತ್ರಿ ಮಾಡಿ ಮುಗಿಸುತ್ತದೆ. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಹಿಡಿದು ಒಬ್ಬೊಬ್ಬರ ಬಿಲ್ಲು ಕಟ್ಟಿ, ಬ್ಯಾಂಕಿಗೆ ಪಾವತಿಯ ಫೈಲು ಕಳಿಸಿ, ಕೊನೆಗೆ ಸಂಘವಾರು ಪಟ್ಟಿ ತಯಾರಿಸುತ್ತದೆ. ಯಾವುದು ಯಾವಾಗ ಓಡಬೇಕೆಂದು ಗೊತ್ತುಮಾಡುವುದು ಹಾಸನದ ನಮ್ಮ ಕಚೇರಿಯ ಸರ್ವರಿನಲ್ಲಿರುವ ಶೆಡ್ಯೂಲರ್. ಅಂದು ಅದರ ಪರದೆಯ ಮೇಲೆ ಸಕಲೇಶಪುರದ ಯಂತ್ರದ ಸಂಪರ್ಕ ರಾತ್ರಿ 2.19ಕ್ಕೇ ಕಡಿದಿತ್ತು. ಕೆಲಸದ ಮುಂದೆ ಮಾತ್ರ ಇನ್ನೂ 'ಎಕ್ಸೆಕ್', ಅಂದರೆ ಓಡುತ್ತಿದೆ ಎಂದೇ ಇತ್ತು. ಒಂದೂವರೆಗೆ ಶುರುವಾದದ್ದು, ಎಂದೂ ಒಂದೂಕಾಲು ಗಂಟೆ ದಾಟಿದ್ದಿಲ್ಲ. ಬೆಳಿಗ್ಗೆ ಏಳರವರೆಗೂ ಓಡುತ್ತಿದೆ ಎಂದು ನಂಬುವುದು ಹೇಗೆ?

ಆ ಕಚೇರಿಯ ಫೋನು ಸತ್ತಿತ್ತು. ಅಟೆಂಡರ್ ಮೊಬೈಲು ವ್ಯಾಪ್ತಿ ಪ್ರದೇಶದ ಹೊರಗೆ. ಬ್ಯಾಂಕಿನಲ್ಲಿ ವಿಚಾರಿಸೋಣವೆಂದರೆ ರಜೆ.

ನಮ್ಮ ಮೇಲಧಿಕಾರಿ ಫೋನಿನಲ್ಲೇ ತೀರ್ಮಾನ ಕೊಟ್ಟರು: "ಅದು ನಿಂತುಹೋಗಿದೆ ಬಿಡಿ. ಹಾಸನದಿಂದಲೇ ಇನ್ನೊಂದು ಸಲ ಓಡಿಸಿ." ಅವರು ಒಳ್ಳೆಯವರು. ರೈತರ ದುಡ್ಡು ಒಂದು ದಿನ ತಡವಾದರೂ ನಿದ್ದೆಗೆಡುತ್ತಾರೆ. ಆದರೆ ಕಾಯುವುದೂ ಒಂದು ಕೆಲಸ ಎಂದು ಅವರಿಗೆ ಒಪ್ಪಿಸುವುದು ಬಹಳ ಕಷ್ಟ. ಉತ್ತರ ಬರದಿದ್ದರೆ ಇಲ್ಲ ಎಂದೇ ಅರ್ಥ ಮಾಡಿಕೊಳ್ಳುವ ಮನುಷ್ಯ.

ನಾವು ಬಳಸುವುದು ಐಬಿಎಂನ ವರ್ಕ್‌ಲೋಡ್ ಶೆಡ್ಯೂಲರ್. ಯೂನಿಸನ್ ಎಂಬ ಸಂಸ್ಥೆಯ 'ಮ್ಯಾಸ್ಟ್ರೋ' (ಅಂದರೆ ಸಂಗೀತ ಮೇಳ ನಡೆಸುವವರು) ಇದರ ಮೂಲವಾದ್ದರಿಂದ ಒಳಗೆ ಸಂಗೀತದ ಹೆಸರುಗಳೇ ಜಾಸ್ತಿ. ಆ ದಿನದ ಕೆಲಸಗಳ ಪಟ್ಟಿಯ ಹೆಸರು ಸಿಂಫನಿ. ಅದರ ಒಂದೊಂದು ಪ್ರತಿ ಒಂದೊಂದು ಯಂತ್ರಕ್ಕೂ ಹೋಗಿರುತ್ತದೆ. ಹಾಸನದ ಜೊತೆ ಸಂಪರ್ಕ ಕಡಿದರೂ ಸಕಲೇಶಪುರದ ಯಂತ್ರ ತನ್ನ ಪ್ರತಿ ನೋಡಿಕೊಂಡು ಕೆಲಸ ಮಾಡುತ್ತಲೇ ಇರುತ್ತದೆ. ಅದನ್ನು ಹಾಗೆಂದೇ ಕಟ್ಟಿದ್ದಾರೆ. ಮುಗಿದ ಸುದ್ದಿಯನ್ನು ಒಯ್ಯುವ ಪ್ರೋಗ್ರಾಮಿಗೆ ಮೇಲ್‌ಮ್ಯಾನ್ ಎಂದು ಹೆಸರು, ದಾರಿ ಸಿಗದ ಸುದ್ದಿ ಕೂಡಿಬೀಳುವ ಫೋಲ್ಡರಿಗೆ ಪೋಬಾಕ್ಸ್. ಹಾಗಾಗಿ ನನ್ನ ಪರದೆಯ 'ಎಕ್ಸೆಕ್' ಅಂದರೆ ಕಡೆಯ ಸಲ ಕಾಗದ ಬಂದಾಗ ಓಡುತ್ತಿತ್ತು ಎಂದಷ್ಟೇ. ಈಗ ಏನಾಗಿದೆ ಎಂಬುದಕ್ಕೆ ಅದರಲ್ಲಿ ಮಾತಿಲ್ಲ.

ಪಾವತಿಯ ಫೈಲು ಆಗಲೇ ಹೋಗಿದ್ದರೆ, ನಾನು ಮತ್ತೆ ಓಡಿಸಿದಾಗ ಇಡೀ ತಾಲ್ಲೂಕಿಗೆ ಎರಡು ಸಲ ದುಡ್ಡು. ಹೆಚ್ಚಿಗೆ ಹೋದದ್ದನ್ನು ಮುಂದಿನ ಬಟವಾಡೆಯಲ್ಲಿ ಹಿಡಿದುಕೊಳ್ಳಬಹುದು, ಕಾಗದದ ಮೇಲೆ. ಅಷ್ಟರಲ್ಲಿ ಅದು ಹಿಂಡಿ ಬೂಸಾಕ್ಕೋ ಮಗಳ ಫೀಸಿಗೋ ಖರ್ಚಾಗಿರುತ್ತದೆ. ಡೈರಿ ಮುಂದೆ ಕ್ಯಾನು ಹಿಡಿದು ನಿಂತವರ ಮಾತು ಕೇಳುವವರು ನಾನಲ್ಲ, ನಮ್ಮ ಮೇಲಧಿಕಾರಿಯಲ್ಲ. ದಿಬ್ಬದ ಮೇಲೆ ಕೊಡೆ ಹಿಡಿದು ನಿಂತಿದ್ದ ಆ ಕಾರ್ಯದರ್ಶಿ.

"ಎರಡು ಗಂಟೆ ಕೊಡಿ ಸಾರ್, ನಾನೇ ಹೋಗಿ ನೋಡ್ತೀನಿ" ಎಂದು ಹೇಳಿ ಮಂಗಳೂರು ಬಸ್ಸು ಹತ್ತಿದೆ.

ಆಲೂರು ದಾಟುವಾಗ ತುಂತುರು. ಬಾಳ್ಳುಪೇಟೆಯಿಂದಾಚೆ ಕಿಟಕಿಯಲ್ಲಿ ಏನೂ ಕಾಣದಷ್ಟು ಪುನರ್ವಸು ಮಳೆ. ನನ್ನ ಊರೂ ಅದೇ ಸೀಮೆ, ಮೂಡಿಗೆರೆ ಕಡೆ. ಅಮ್ಮ ಒಬ್ಬಳೇ ಇರುತ್ತಾಳೆ. ಪ್ರತಿ ಆಷಾಢದಲ್ಲೂ ಮೂರು ನಾಲ್ಕು ದಿನ ಕರೆಂಟು ಹೋಗಿ, ಟವರು ಮಲಗಿ, ಅವಳು ಸಿಗುವುದಿಲ್ಲ. ಹೋದ ವರ್ಷ ಹಾಗೆ ಸಿಗದಿದ್ದಾಗ ರಾತ್ರಿಯೆಲ್ಲ ಕೆಟ್ಟದ್ದನ್ನೇ ನೆನೆಸಿಕೊಂಡು, ಬೆಳಗಾಗುವ ಮುಂಚೆ ಬೈಕು ಹತ್ತಿ ಹೋದೆ. ಒಲೆ ಮುಂದೆ ಕೂತು ಹಲಸಿನ ಬೀಜ ಸುಡುತ್ತಿದ್ದಳು. "ಯಾಕೋ ಹಿಂಗೆ ನೆಂದ್ಕೊಂಡು ಬಂದೆ?" ಅಂದಳು. ಅವಳ ಮಟ್ಟಿಗೆ ಏನೂ ಆಗಿರಲಿಲ್ಲ. ಕತ್ತಲಿದ್ದದ್ದು ನನ್ನ ಕಡೆ.

ಉತ್ತರ ಕೊಡದ ಯಂತ್ರ ಸತ್ತಿದೆಯೋ ನಿಧಾನವಾಗಿದೆಯೋ ಎಂಬುದನ್ನು ದೂರದಲ್ಲಿ ಕೂತು ಖಚಿತವಾಗಿ ಹೇಳಲಾಗದು. ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು 1985ರಲ್ಲಿ ಪ್ರಕಟಿಸಿದ, ದೂರದೂರದ ಕಂಪ್ಯೂಟರುಗಳು ಒಮ್ಮತಕ್ಕೆ ಬರುವುದರ ಬಗೆಗಿನ ಹೆಸರಾಂತ ಪ್ರಮೇಯದ ಬುಡದಲ್ಲಿ ಇರುವುದೂ ಇದೇ ತೊಡಕು. ಓದುವಾಗ ಪರೀಕ್ಷೆಗೆಂದು ಉರುಹೊಡೆದಿದ್ದೆ. ಅದು ಅರ್ಥವಾದದ್ದು ಅಮ್ಮನ ಅಡುಗೆಮನೆಯ ಬಾಗಿಲಲ್ಲಿ, ಒದ್ದೆ ಬಟ್ಟೆಯಲ್ಲಿ ನಿಂತಾಗ.

ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಕಚೇರಿ ತಲುಪಿದಾಗ ಅಟೆಂಡರ್ ಬೀಗ ತೆಗೆದರು. ರಾತ್ರಿಯೇ ಕರೆಂಟು ಹೋಗಿತ್ತಂತೆ. ಇನ್ವರ್ಟರ್ ಕುಂಯ್‌ಗುಡುತ್ತಿತ್ತು. ಕಂಪ್ಯೂಟರಿನ ಹಸಿರು ದೀಪ ಮಾತ್ರ ನಿಚ್ಚಳವಾಗಿ ಉರಿಯುತ್ತಿತ್ತು. "ಆರು ಗಂಟೆಗೇ ಬಂದು ನೋಡಿದೆ ಸಾರ್. ದೀಪ ಉರೀತಾ ಇತ್ತು, ಸರಿಯಾಗೈತೆ ಅಂದ್ಕೊಂಡೆ." ರಜೆಯ ದಿನ, ಯಾರೂ ಹೇಳದೆ, ಆ ಮಳೆಯಲ್ಲಿ ಬಂದು ನೋಡಿ ಹೋಗಿದ್ದರು. ನಮ್ಮ ಇಡೀ ವ್ಯವಸ್ಥೆಯಲ್ಲಿ ಆ ಯಂತ್ರವನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಅವರನ್ನು ಕೇಳಲು ನಮಗೆ ದಾರಿ ಇರಲಿಲ್ಲ.

ರೂಟರು ಇನ್ವರ್ಟರ್ ಇಲ್ಲದ ಬೋರ್ಡಿನಲ್ಲಿತ್ತು. ಅಷ್ಟೇ ಆಗಿದ್ದದ್ದು.

ಪ್ಲಗ್ಗು ಬದಲಿಸುವ ಮುಂಚೆ ಆ ರಾತ್ರಿಯ ಲಾಗ್ ತೆಗೆದು ಓದಿದೆ. ಪಾವತಿಯ ಫೈಲು ಬ್ಯಾಂಕಿಗೆ ಹೋದದ್ದು 2.11ಕ್ಕೆ. ಕರೆಂಟು ಹೋಗುವುದಕ್ಕೆ ಎಂಟೇ ನಿಮಿಷ ಮುಂಚೆ. ಸಂಘವಾರು ಪಟ್ಟಿಗಳೂ ಮುಗಿದು 2.38ಕ್ಕೆ ಕೆಲಸ ಸರಿಯಾಗಿ ಕೊನೆಗೊಂಡಿತ್ತು. ಆ ಸುದ್ದಿ ಪೋಬಾಕ್ಸಿನಲ್ಲಿ ಬೆಳಗಿನವರೆಗೂ ಕೂತಿತ್ತು. ರೂಟರಿಗೆ ಇನ್ವರ್ಟರಿನ ಪ್ಲಗ್ಗು ಕೊಟ್ಟು, ಹಾಸನದ ಜೊತೆ ಸಂಪರ್ಕ ಜೋಡಿಸುವ ಲಿಂಕ್ ಆಜ್ಞೆ ಕೊಟ್ಟೆ. ಸ್ವಲ್ಪ ಹೊತ್ತಿಗೆ 'ಎಕ್ಸೆಕ್' ಹೋಗಿ 'ಸಕ್ಸ್', ಅಂದರೆ ಸರಿಯಾಗಿ ಮುಗಿದಿದೆ ಎಂದು ಬಂತು, ಅದನ್ನೇ ಕಾಯುತ್ತಿದ್ದ ಹಾಸನದ ಕ್ರೋಡೀಕರಣದ ಕೆಲಸ ತಾನಾಗಿ ಎದ್ದು ಓಡತೊಡಗಿತು. ನನ್ನ ಕೈ ನಡುಗುತ್ತಿತ್ತು. ಬೆಳಿಗ್ಗೆ ಏಳೂಮುಕ್ಕಾಲಿಗೆ ಮತ್ತೆ ಓಡಿಸುವ ಆ ಇನ್ನೊಂದು ಆಜ್ಞೆ ಕೊಟ್ಟುಬಿಟ್ಟಿದ್ದರೆ?

ಮಂಗಳವಾರದ ಮೀಟಿಂಗಿನಲ್ಲಿ ನಾನು ಕೇಳಿದ್ದು ಒಂದೇ. ಪಾವತಿಯ ಫೈಲಿಗೆ ತಾಲ್ಲೂಕು ಮತ್ತು ಅವಧಿಯ ಸಂಖ್ಯೆ ಹಾಕೋಣ, ಅದೇ ಸಂಖ್ಯೆಯದು ಎರಡನೇ ಸಲ ಬಂದರೆ ಬ್ಯಾಂಕಿನ ಕಡೆಯೇ ತಳ್ಳಿಹಾಕಲಿ. ಆಗ ಯಾರು ಎಷ್ಟು ಸಲ ಓಡಿಸಿದರೂ ದುಡ್ಡು ಹೋಗುವುದು ಒಂದೇ ಸಲ. ಮೇಲಧಿಕಾರಿ ಒಪ್ಪಿದರು, "ನಾನು ಅವತ್ತು ಅವಸರ ಮಾಡಿದೆ" ಎಂದು ಎಲ್ಲರೆದುರೂ ಹೇಳಿದರು. ಆ ಕುರ್ಚಿಯಲ್ಲಿ ಕೂತು ಹಾಗೆ ಹೇಳುವವರು ಕಡಿಮೆ.

ಶನಿವಾರ ಮಧ್ಯಾಹ್ನವೆಲ್ಲ ಕಾರ್ಯದರ್ಶಿಯ ಫೋನು ಸಿಗಲಿಲ್ಲ. ಸಂಜೆ ಹಾಲು ಹಾಕಿಸಿಕೊಂಡ ಮೇಲೆ, ಆರೂವರೆಗೆ, ಅವರೇ ಮತ್ತೆ ದಿಬ್ಬ ಹತ್ತಿ ಮಾಡಿದರು.

"ಆಗಿದೆ ಅಮ್ಮ. ಸೋಮವಾರ ಖಾತೆಗೆ ಬರುತ್ತೆ. ರಾತ್ರಿನೇ ಆಗಿತ್ತು."

"ನೀವು ಗೊತ್ತಿಲ್ಲ ಅಂದ್ರಲ್ಲ, ಆವಾಗ್ಲೂ ಆಗಿತ್ತಾ?"

"ಆಗಿತ್ತು."

"ಸದ್ಯ. ನಾನೂ ನಮ್ಮ ಹೆಂಗಸರಿಗೆ ಆಗಿಲ್ಲ ಅಂತ ಹೇಳಲಿಲ್ಲ ಸಾರ್. ಹಾಸನದೋರಿಗೇ ಇನ್ನೂ ಗೊತ್ತಾಗಿಲ್ವಂತೆ, ಸಂಜೆವರೆಗೂ ನೋಡಣ ಅಂದೆ. ಸುಮ್ನೆ ಹಾಲು ಹಾಕಿ ಹೋದ್ರು."