ಹೆಣ್ಣು ನೋಡೋದು, ಮನೆ ನೋಡೋದು

ಮದುವೆ ಮಾತುಕತೆ ಶುರುವಾದರೆ ‘ನೋಡು’ ಅನ್ನುವ ಒಂದೇ ಪದ ಮೂರು ಕೆಲಸ ಮಾಡುತ್ತದೆ. “ಮಗಳಿಗೆ ಗಂಡು ನೋಡ್ತಾ ಇದೀವಿ” ಅಂದರೆ ಹುಡುಕುತ್ತಿದ್ದೇವೆ ಅಂತ. “ಭಾನುವಾರ ಹೆಣ್ಣು ನೋಡೋಕೆ ಬರ್ತಾರೆ” ಅಂದರೆ ಎದುರಿಗೆ ಕೂರಿಸಿಕೊಂಡು ಕಣ್ಣಾರೆ ನೋಡುವುದು. ಎರಡೂ ಕಡೆ ಒಪ್ಪಿಗೆಯಾದ ಮೇಲೆ ಹೆಣ್ಣಿನ ಕಡೆಯವರು ಹೊರಡುವುದು “ಮನೆ ನೋಡೋಕೆ”. ಅವರು ಬಂದು ನೋಡಿದ್ದು ಹುಡುಗಿಯನ್ನು. ಇವರು ಹೋಗಿ ನೋಡುವುದು ಗೋಡೆ, ನಲ್ಲಿ, ತೋಟ. ಆ ಮನೆಯಲ್ಲಿ ಬದುಕಬೇಕಾದವಳನ್ನೇ ಬಹಳ ಕಡೆ ಕರೆದುಕೊಂಡು ಹೋಗುವುದಿಲ್ಲ.

ನೋಟದಲ್ಲಿ ಅಧಿಕಾರ ಎಲ್ಲಿ ಅಡಗಿರುತ್ತದೆ ಅಂತ ತಿಳಿಯಲು ಈ ಶಾಸ್ತ್ರಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮಲ್ಲಿ ಇನ್ನೊಂದಿಲ್ಲ. ಬಂದವರು ಒಳ್ಳೆಯವರೇ ಇರಬಹುದು, ಗೌರವದಿಂದಲೇ ಮಾತಾಡಿಸಬಹುದು. ಆದರೆ ಯಾರು ತಲೆ ಎತ್ತಬೇಕು, ಯಾರು ತಗ್ಗಿಸಬೇಕು ಅನ್ನುವುದನ್ನು ಅವರು ಬರುವ ಮೊದಲೇ ಕುರ್ಚಿ, ಕಿಟಕಿ, ಕಾಫಿ ತಟ್ಟೆ ಸೇರಿ ತೀರ್ಮಾನಿಸಿಬಿಟ್ಟಿರುತ್ತವೆ.

ತಟ್ಟೆಯನ್ನೇ ತೆಗೆದುಕೊಳ್ಳಿ. ಎಂಟು ಜನ ಬಂದಿದ್ದರೆ ಎಂಟು ಲೋಟ, ಅಂಚಿನವರೆಗೆ ಕಾಫಿ. ಸೀರೆ ಉಟ್ಟು ಅಭ್ಯಾಸವಿಲ್ಲದ ಹುಡುಗಿ ಒಳಗಿನಿಂದ ಅದನ್ನು ಹಿಡಿದು ಬರಬೇಕು. ಒಂದು ಕಣ್ಣು ಲೋಟದ ಮೇಲೆ, ಇನ್ನೊಂದು ಹೊಸ್ತಿಲ ಮೇಲೆ. ತಲೆ ಎತ್ತಿದರೆ ಕಾಫಿ ಚೆಲ್ಲುತ್ತದೆ, ಸೆರಗು ಜಾರಿದರೆ ಸರಿಪಡಿಸಲು ಕೈ ಖಾಲಿ ಇಲ್ಲ. ಅಡುಗೆಮನೆ ಬಾಗಿಲಿನಿಂದ ಸೋಫಾವರೆಗಿನ ಆ ಹತ್ತು ಹನ್ನೆರಡು ಹೆಜ್ಜೆಯಲ್ಲಿ ಬಂದವರು ನಡಿಗೆ, ಎತ್ತರ, ಜಡೆ, ಕೈ ನಡುಗುತ್ತದೆಯೇ ಇಲ್ಲವೇ, ಎಲ್ಲ ನೋಡಿ ಮುಗಿಸಿರುತ್ತಾರೆ. ಅವಳು ಕಂಡಿದ್ದು ಎಂಟು ಲೋಟ ಮತ್ತು ಎಂಟು ಜೊತೆ ಕಾಲು. “ಹುಡುಗಿ ತಲೆ ಎತ್ತಲೇ ಇಲ್ಲ, ತುಂಬಾ ಸಂಕೋಚದವಳು” ಅಂತ ಆಮೇಲೆ ಹೇಳುತ್ತಾರಲ್ಲ, ಆ ಸಂಕೋಚದಲ್ಲಿ ಅರ್ಧ ಪಾಲು ತಟ್ಟೆಯದು.

ಇನ್ನು ಬೆಳಕು. ನಮ್ಮ ಮನೆಗಳಲ್ಲಿ ಸೋಫಾ ಸಾಮಾನ್ಯವಾಗಿ ಕಿಟಕಿಗೆ ಬೆನ್ನು ಮಾಡಿರುತ್ತದೆ. ಅತಿಥಿಗಳು ಸೋಫಾದಲ್ಲಿ, ಹುಡುಗಿ ಎದುರಿನ ಕುರ್ಚಿಯಲ್ಲಿ. ಹಗಲು ಹನ್ನೊಂದು ಗಂಟೆಗೆ ಬೆಳಕೆಲ್ಲ ಅವಳ ಮುಖಕ್ಕೆ ನೇರ ಬೀಳುತ್ತದೆ. ಅವಳಿಗೆ ಎದುರಿನವರ ಮುಖ ಕಪ್ಪಾಗಿ ಕಾಣುತ್ತದೆ. ಚಾಪೆಯ ಕಾಲದಲ್ಲಿ ಇದರ ಜೊತೆಗೆ ಎತ್ತರದ ವ್ಯತ್ಯಾಸವೂ ಇತ್ತು: ಗಂಡಸರು ಬೆಂಚಿನ ಮೇಲೆ, ಹುಡುಗಿ ನೆಲದ ಮೇಲೆ. ಈಗ ಕುರ್ಚಿ ಬಂದಿದೆ, ಆದರೆ ಕಿಟಕಿಯ ದಿಕ್ಕು ಬದಲಾಗಿಲ್ಲ.

ನೋಡುವವರೆಲ್ಲ ಗಂಡಸರೇ ಅಂದುಕೊಂಡರೆ ತಪ್ಪಾಗುತ್ತದೆ. ಹುಡುಗ ಒಂದೆರಡು ಸಲ ಕಣ್ಣು ಹಾಯಿಸಿ ಸುಮ್ಮನಾಗುತ್ತಾನೆ. ನಿಜವಾಗಿ ಅಳೆದು ನೋಡುವವರು ಅವನ ತಾಯಿ, ದೊಡ್ಡಮ್ಮ, ಅಕ್ಕ. “ಒಂದು ಹಾಡು ಹೇಳಮ್ಮ” ಅನ್ನುವುದು, ಕುಂಕುಮ ಇಡುವ ನೆಪದಲ್ಲಿ ಹತ್ತಿರ ಬಂದು ಚರ್ಮ, ಹಲ್ಲು ಗಮನಿಸುವುದು, ಕೂದಲು ಸ್ವಂತದ್ದೋ ಚೌರಿಯೋ ಅಂತ ಜಡೆ ಮುಟ್ಟಿ ನೋಡುವುದು ಅವರ ಪಾಲಿನ ಕೆಲಸ. ಅವರೂ ಒಂದು ಕಾಲದಲ್ಲಿ ಅದೇ ಕುರ್ಚಿಯಲ್ಲಿ ಕೂತವರು. ಈಗ ಸೋಫಾ ಕಡೆ ಬಂದಿದ್ದಾರೆ. ಕಣ್ಣು ಯಾರದ್ದೇ ಇರಲಿ, ಕೂತ ಜಾಗ ಅದಕ್ಕೆ ಹಕ್ಕು ಕೊಡುತ್ತದೆ.

ಆಮೇಲೆ ಕೊನೆಯ ಮಾತು: “ಊರಿಗೆ ಹೋಗಿ ತಿಳಿಸ್ತೀವಿ.” ನೋಡಿಸಿಕೊಂಡವರು ಕಾಯಬೇಕು, ತಾವೇ ಫೋನ್ ಮಾಡಿ ಕೇಳಿದರೆ ಅಗ್ಗವಾಗುತ್ತೇವೆ ಅನ್ನುವ ಭಯ.

ಇತ್ತೀಚೆಗೆ ಕೆಲವು ಕಡೆ ಲೆಕ್ಕ ತಿರುಗಿದೆ ಅನ್ನುವವರಿದ್ದಾರೆ. ಬೇಸಾಯದ ಮನೆಯ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದು ಸುದ್ದಿಯಾಗಿತ್ತು. ಹೆಣ್ಣಿನ ಕಡೆಯವರು ಆರಿಸುವ ಸ್ಥಿತಿ ಬಂದಿರುವುದು ನಿಜ. ಆದರೆ ಏನನ್ನು ನೋಡಿ ಆರಿಸುತ್ತಾರೆ ಅಂತ ಗಮನಿಸಿ. ಅವನ ಸಂಬಳ, ಸೈಟು, ಎಷ್ಟು ಎಕರೆಗೆ ನೀರಾವರಿ ಇದೆ. ಹುಡುಗಿಯ ಬಯೋಡೇಟಾದಲ್ಲಿ ಮಾತ್ರ ‘ಬಣ್ಣ: ಗೋಧಿ’, ‘ಬಣ್ಣ: ಎಣ್ಣೆಗೆಂಪು’ ಅನ್ನುವ ಸಾಲು ಹಾಗೇ ಉಳಿದಿದೆ. ಅವನ ಆಸ್ತಿ ನೋಡುತ್ತಾರೆ, ಅವಳ ಮೈ ನೋಡುತ್ತಾರೆ. ಬಯೋಡೇಟಾ ಬರೆಯುವವರು ಮೊದಲು ಆ ಸಾಲನ್ನು ತೆಗೆದುಹಾಕಬೇಕು, ಕೇಳಿದರೂ ಬರೆಯಬಾರದು.

ಫೋಟೊದಲ್ಲೂ ಇದೇ ತಾರತಮ್ಯ. ಹುಡುಗಿಯದ್ದು ಫುಲ್ ಸೈಜ್ ಬೇಕು, ಸೀರೆಯಲ್ಲಿ ಬೇಕು, ಕತ್ತು ಸ್ವಲ್ಪ ವಾರೆ ಇರಬೇಕು. ಹುಡುಗನದ್ದು ಕಾರಿಗೆ ಒರಗಿ ಕೈಕಟ್ಟಿ ನಿಂತಿದ್ದು ಸಾಕು. ಕ್ಯಾಮೆರಾವನ್ನು ತಲೆಗಿಂತ ಮೇಲೆ ಹಿಡಿದು ತೆಗೆದರೆ ಯಾರೇ ಆಗಲಿ ಕಣ್ಣು ಮೇಲೆತ್ತಿ ನೋಡುವ ಮಗುವಿನಂತೆ ಕಾಣುತ್ತಾರೆ. ಸೊಂಟಕ್ಕಿಂತ ಕೆಳಗಿನಿಂದ ತೆಗೆದರೆ ಭುಜ ಅಗಲವಾಗಿ, ಗತ್ತು ಬಂದಂತೆ ಕಾಣುತ್ತಾರೆ. ಇಬ್ಬರಿಗೂ ಕಣ್ಣಿನ ಮಟ್ಟದಲ್ಲೇ ಹಿಡಿಯಿರಿ, ಲೆನ್ಸಿಗೆ ನೇರ ನೋಡಲು ಹೇಳಿ. ಫೋನಿನ ಲೆನ್ಸು ಅಗಲದ್ದು. ಒಂದೂವರೆ ಅಡಿ ಹತ್ತಿರದಿಂದ ತೆಗೆದರೆ ಮೂಗು ದಪ್ಪವಾಗಿ ಮುಖ ಕೆಡುತ್ತದೆ. ಆರೇಳು ಅಡಿ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ.

ಕಳಿಸಿದ ಫೋಟೊ ಬ್ರೋಕರ್ ಕೈಯಿಂದ ಹತ್ತಾರು ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಕದ್ದು ನೋಡುವುದನ್ನು ಅಪರಾಧ ಮಾಡಿದ ಸೆಕ್ಷನ್ 2013ರಲ್ಲಿ ಐಪಿಸಿಗೆ 354ಸಿ ಆಗಿ ಸೇರಿತು; 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್. ಮೊದಲ ಸಲಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 3 ವರ್ಷ ಜೈಲು. ಆದರೆ ಅದು ಹೆಣ್ಣಿನ ಖಾಸಗಿ ಕ್ಷಣಗಳನ್ನು ನೋಡುವುದು, ಚಿತ್ರ ತೆಗೆಯುವುದು, ಹಂಚುವುದರ ಬಗ್ಗೆ. ಸೀರೆ ಉಟ್ಟು ನಿಂತ ಮಾಮೂಲಿ ಫೋಟೊವನ್ನು ಊರಿಗೆಲ್ಲ ಹಂಚಿದರೆ ಈ ಸೆಕ್ಷನ್ ಕೈ ಹಿಡಿಯುವುದಿಲ್ಲ. ಅದಕ್ಕೇ ಕಳಿಸುವ ಮುಂಚೆಯೇ ಜಾಗ್ರತೆ ಬೇಕು: ಫೋಟೊದೊಳಗೆ ಸೇರಿಕೊಂಡಿರುವ ಲೊಕೇಶನ್ ಮಾಹಿತಿ ಅಳಿಸಿ, ಯಾವ ಮನೆಯವರಿಗೆ ಕಳಿಸುತ್ತೀರೋ ಅವರ ಹೆಸರನ್ನು ಫೋಟೊ ಮೇಲೆ ಸಣ್ಣಗೆ ಬರೆದು ಕಳಿಸಿ. ಬೇರೆ ಕಡೆ ಕಾಣಿಸಿಕೊಂಡರೆ ಎಲ್ಲಿಂದ ಹೋಯಿತು ಅಂತ ಗೊತ್ತಾಗುತ್ತದೆ. ಒಂದೇ ಸಲ ತೆರೆಯುವ ಫೋಟೊ ಕಳಿಸಿದರೂ ಇನ್ನೊಂದು ಫೋನ್ ಹಿಡಿದು ಚಿತ್ರ ತೆಗೆಯಬಹುದು, ಅದನ್ನೇ ಪೂರ್ತಿ ನಂಬಬೇಡಿ.

ಶಾಸ್ತ್ರ ಬೇಡವೇ ಬೇಡ ಅನ್ನುವ ಮನೆಗಳು ಕಡಿಮೆ. ಮಾಡುವುದೇ ಆದರೆ ಕೋಣೆಯನ್ನು ಬದಲಾಯಿಸಿ. ಅತಿಥಿಗಳು ಬರುವ ಮೊದಲೇ ಹುಡುಗಿ ಹಾಲ್‌ನಲ್ಲಿ ಕೂತಿರಲಿ. ಒಳಗೆ ಬರುವವರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ, ಹಾಗಾಗಿ ಮೊದಲ ನೋಟ ಅವಳದ್ದಾಗುತ್ತದೆ. ಕಾಫಿಯನ್ನು ಅಪ್ಪ ಅಥವಾ ಅಣ್ಣ ತರಲಿ. ಕುರ್ಚಿಗಳು ಒಂದೇ ಎತ್ತರದವು, ಬೆಳಕು ಎಲ್ಲರಿಗೂ ಪಕ್ಕದಿಂದ ಬರುವಂತೆ. ಹುಡುಗ-ಹುಡುಗಿಯನ್ನು ನೇರ ಎದುರಿಗೆ ಕೂರಿಸಿದರೆ ಪರೀಕ್ಷೆ ಆಗುತ್ತದೆ, ಪಕ್ಕಪಕ್ಕ ಕೂರಿಸಿದರೆ ಕತ್ತು ತಿರುಗಿಸದೆ ಮುಖ ಕಾಣುವುದಿಲ್ಲ. ಟೇಬಲ್ಲಿನ ಮೂಲೆಯ ಎರಡು ಬದಿ ಸರಿ: ನೋಡಲೂ ಬರುತ್ತದೆ, ಬೇಡ ಅನಿಸಿದಾಗ ಕಣ್ಣು ಬೇರೆ ಕಡೆ ಹೊರಳಿಸಲೂ ಬರುತ್ತದೆ. “ಮಾತಾಡ್ಕೊಂಡು ಬನ್ನಿ” ಅಂತ ತಾರಸಿಗೆ ಕಳಿಸಿ ಕೆಳಗಿನಿಂದ ಇಣುಕಿದರೆ ಮಾತೇ ಹೊರಡುವುದಿಲ್ಲ. ಅದಕ್ಕೆ ಬದಲು ಮನೆಯವರು ಬರುವ ಮೊದಲೇ ಇಬ್ಬರೂ ಕೂತು ತಿನ್ನುವ ಹೋಟೆಲಿನಲ್ಲಿ ಒಂದು ಗಂಟೆ ಭೇಟಿಯಾಗಲಿ. ನಿಂತು ತಿನ್ನುವ ದರ್ಶಿನಿ ಇದಕ್ಕೆ ಆಗುವುದಿಲ್ಲ. ಉತ್ತರಕ್ಕೆ ಮೂರು ದಿನದ ಗಡುವನ್ನು ಎರಡೂ ಕಡೆಗೆ ಇಡಿ, ಮೊದಲ ಫೋನ್ ಯಾರಾದರೂ ಮಾಡಬಹುದು ಅಂತ ಅಲ್ಲೇ ಮಾತಾಡಿಕೊಳ್ಳಿ.

ಮತ್ತೆ ಮನೆ ನೋಡಲು ಹೋಗುವಾಗ ಅವಳನ್ನು ಕರೆದುಕೊಂಡೇ ಹೋಗಿ. ಹಾಲ್‌ನಲ್ಲಿ ಕೂತು ಕಾಫಿ ಕುಡಿದು ಬರುವುದಕ್ಕಲ್ಲ. ಜಗಲಿಯ ಮನೆಯಾದರೆ ಬೀದಿ ಕಾಣುವ ಜಾಗ ಗಂಡಸರದ್ದು, ಅಡುಗೆಮನೆಗೆ ಸೂರಿನ ಬೆಳಕಿಂಡಿ ಒಂದೇ ಇರಬಹುದು. ಅಲ್ಲಿ ನಿಂತವಳಿಗೆ ಹೊರಗಿನದೇನು ಕಾಣುತ್ತದೆ ಅಂತ ಅವಳೇ ನಿಂತು ನೋಡಲಿ. ಬಚ್ಚಲುಮನೆ ಹಿತ್ತಲಲ್ಲಿದ್ದರೆ ಅಲ್ಲಿಗೆ ಹೋಗುವ ದಾರಿ ಯಾರ ಕಣ್ಣೆದುರಿಗೆ ಹಾದುಹೋಗುತ್ತದೆ, ರಾತ್ರಿ ದೀಪ ಇದೆಯೇ. ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಹಾಕಿದರೆ ಬೀಳುತ್ತದೆಯೇ. ಮನೆಯ ಸೊಸೆಯೊಬ್ಬಳು ಈಗಾಗಲೇ ಅಲ್ಲಿದ್ದರೆ ಅವಳು ಎಲ್ಲಿ ಕೂರುತ್ತಾಳೆ, ಮಾತಾಡುವಾಗ ಯಾರ ಮುಖ ನೋಡಿ ಮಾತಾಡುತ್ತಾಳೆ. ಅವಳ ಜೊತೆ ಹತ್ತು ನಿಮಿಷ ಒಬ್ಬಳೇ ಕೂರಲು ಹುಡುಗಿಗೆ ಅವಕಾಶ ಕೇಳಿ.