ನಾಲ್ಕನೆಯ ಮನೆಯ ತಕರಾರು

ಬಳ್ಳಾರಿ, 12 ಜನವರಿ 2025, ಭಾನುವಾರ

ಮೊದಲು ಫಲಿತಾಂಶ ಬರೆದಿಡುತ್ತೇನೆ, ಪುರಾಣ ಆಮೇಲೆ. ಅಪ್ಪನ .22 ರಿವಾಲ್ವರಿಗೆ ಒಪ್ಪುವ ಗುಂಡು ಸಿಕ್ಕಿದೆ. ಅಂಗಡಿಯವರು ಗಾಜಿನ ಕಪಾಟಿನ ಮೇಲಿನ ಅರೆಯಲ್ಲಿ ಜೋಪಾನವಾಗಿಟ್ಟಿದ್ದ, ಸ್ಪರ್ಧೆಗೆಂದೇ ತಯಾರಿಸುವ ದುಬಾರಿ ಮ್ಯಾಚ್ ಗುಂಡು ಅಲ್ಲ; ಡಬ್ಬಿಯ ತುಂಬ ವೇಗದ ಬಡಾಯಿ ಬರೆದುಕೊಂಡಿದ್ದ ತಾಮ್ರಲೇಪದ ಗುಂಡೂ ಅಲ್ಲ. ಜರ್ಮನಿಯ ಷೋನೆಬೆಕ್‌ನಲ್ಲಿ ತಯಾರಾಗುವ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್. 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಗುವ ಸಾದಾ ಸೀಸದ ಗುಂಡು, ಮೈಮೇಲೆ ಮೇಣದ ಪಸೆ, ಅಷ್ಟೇ. 25 ಮೀಟರ್ ದೂರದಲ್ಲಿ, ಚೀಲದ ಆಸರೆಯ ಮೇಲೆ ಕೈಯಿಟ್ಟು ಹೊಡೆದಾಗ ಐದಕ್ಕೆ ಐದೂ ಗುರಿಕಾಗದದ ಹತ್ತು ಅಂಕದ ವೃತ್ತದೊಳಗೆ ಕುಳಿತವು. ಆ ವೃತ್ತದ ಅಗಲ 50 ಮಿಲಿಮೀಟರ್. ಒಂದೇ ಸಲ ಹೀಗಾಗಿದ್ದರೆ ಅದೃಷ್ಟ ಎನ್ನುತ್ತಿದ್ದೆ. ಕಾಗದ ಬದಲಿಸಿದಾಗಲೂ ಹಾಗೆಯೇ ಬಂತು.

ರಿವಾಲ್ವರ್ ಸ್ಮಿತ್ ಆ್ಯಂಡ್ ವೆಸನ್ ಕೆ-22. ಆರಂಗುಲದ ನಳಿಗೆ, ತಿರುಗುವ ಸಿಲಿಂಡರಿನಲ್ಲಿ ಗುಂಡು ಕೂರುವ ಆರು ಮನೆ, ತೂಕ ಒಂದು ಕಿಲೋ ದಾಟುತ್ತದೆ. 1980ರ ದಶಕದಲ್ಲಿ ಸಾಮಾನ್ಯ ಜನ ಹೊರದೇಶದಿಂದ ಬಂದೂಕು ತರಿಸಿಕೊಳ್ಳುವುದಕ್ಕೆ ತಡೆ ಬಿತ್ತು. ಇದು ಅದಕ್ಕೂ ಮುಂಚೆ ಬಂದ ಮಾಲು. ಅಪ್ಪ ಹಳೆಯ ಪರವಾನಗಿದಾರರೊಬ್ಬರಿಂದ ಕೊಂಡಿದ್ದರು. 2016ರ ಆಯುಧ ನಿಯಮಗಳಲ್ಲಿ ಒಂದು ಅನುಕೂಲವಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿದರೆ ಅಥವಾ ಆಯುಧ ಅವರ ಬಳಿ 25 ವರ್ಷ ಇದ್ದರೆ ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ಹಾಗೆ ನನ್ನ ಹೆಸರಿಗೆ ಬಂತು. ಬಂದ ಸ್ವಲ್ಪ ದಿನಕ್ಕೇ ಸಂಡೂರು ಉಪಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಯಾಯಿತು, ರಿವಾಲ್ವರ್ ಠಾಣೆಯಲ್ಲಿ ಠೇವಣಿಯಾಯಿತು. ನವೆಂಬರ್ 13ಕ್ಕೆ ಮತದಾನ ಮುಗಿದು, ಎಣಿಕೆಯೂ ಆಗಿ, ರಸೀದಿ ತೋರಿಸಿ ವಾಪಸು ತಂದ ಮೇಲೆಯೇ ನಿಜವಾದ ಅಭ್ಯಾಸ ಶುರುವಾದದ್ದು. ಈ ಜಿಲ್ಲೆಯಲ್ಲಿ ಬಂದೂಕು ಇಟ್ಟುಕೊಂಡವರಿಗೆ ಚುನಾವಣೆಯ ದಿನಾಂಕಗಳು ಹಬ್ಬಗಳಿಗಿಂತ ಚೆನ್ನಾಗಿ ನೆನಪಿರುತ್ತವೆ.

ಹಾರಿಸುವ ಸುಖದ ಬಗ್ಗೆ ಬರೆಯದಿದ್ದರೆ ಈ ದಿನಚರಿ ಲೆಕ್ಕದ ಪುಸ್ತಕವಾಗಿಬಿಡುತ್ತದೆ. ದೊಡ್ಡ ಕ್ಯಾಲಿಬರಿನ ಹಾಗೆ ಇದು ಕೈ ಒದೆಯುವುದಿಲ್ಲ. ಹ್ಯಾಮರ್ ಹಿಂದಕ್ಕೆಳೆದು ಬೆರಳಿಟ್ಟರೆ ಟ್ರಿಗರ್ ಎಳೆದದ್ದೇ ಗೊತ್ತಾಗದಂತೆ ಬಿಟ್ಟುಕೊಡುತ್ತದೆ. ನಳಿಗೆ ಅಲುಗುವುದು ಅಷ್ಟು ಕಡಿಮೆಯಾದ್ದರಿಂದ ಗುಂಡು ಹೊರಟ ಕ್ಷಣದಲ್ಲಿ ಗುರಿ ಹಿಡಿಯುವ ಸೈಟ್ ಎಲ್ಲಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ತಪ್ಪು ಯಾರದೆಂದು ಜಗಳಕ್ಕೆ ಆಸ್ಪದವಿಲ್ಲ. ಪಿಸ್ತೂಲಿನ ಹಾಗೆ ಖಾಲಿ ತೋಟಾ ಹಾರಿ ಹುಲ್ಲಿನಲ್ಲಿ ಬೀಳುವುದಿಲ್ಲ; ಎಲ್ಲವೂ ಸಿಲಿಂಡರಿನಲ್ಲೇ ಉಳಿಯುತ್ತವೆ. ಲೆಕ್ಕ ಒಪ್ಪಿಸಬೇಕಾದವನಿಗೆ ಇದೊಂದು ನೆಮ್ಮದಿ. ಅಂದಹಾಗೆ ಸ್ಮಿತ್ ಆ್ಯಂಡ್ ವೆಸನ್ ಕಂಪನಿ 1857ರಲ್ಲಿ ತಯಾರಿಸಿದ ಮೊದಲ ರಿವಾಲ್ವರ್ ಕೂಡ .22 ರಿಮ್‌ಫೈರ್ ಆಗಿತ್ತು. ಅದರದು ಗಿಡ್ಡ ತೋಟಾ. ನಾವು ಇಂದು ಹಾಕುವ ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ಅದರ ರಚನೆ ಇವತ್ತಿಗೂ ಹೆಚ್ಚು ಬದಲಾಗಿಲ್ಲ: ಹೊತ್ತಿಕೊಳ್ಳುವ ಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುತ್ತದೆ, ಹ್ಯಾಮರ್ ಆ ಅಂಚನ್ನು ಜಜ್ಜಬೇಕು.

ಫೈರಿಂಗ್ ರೇಂಜ್‌ಗೆ ಬೆಳಿಗ್ಗೆ ಬೇಗನೆ ಹೋದೆವು. ನಾವು ಎಂದರೆ ನಾನು ಮತ್ತು ಚಾಚಾ. ಚಾಚಾ ಪೊಲೀಸ್ ಇಲಾಖೆಯಲ್ಲಿ ಆರ್ಮರರ್, ಅಂದರೆ ಬಂದೂಕುಗಳ ದುರಸ್ತಿ ನೋಡಿಕೊಳ್ಳುವವರು, ಆಗಿದ್ದು ನಿವೃತ್ತರಾದವರು. ನಮ್ಮೂರಿನಲ್ಲಿ ಗುಂಡು ಹಾರಿಸುವವರಿಗೆ ದೊಡ್ಡ ಶತ್ರು ಬಂಡೆ. ಎತ್ತ ತಿರುಗಿದರೂ ಕಲ್ಲುಗುಡ್ಡ. ಸಂಗನಕಲ್ಲು, ಕುಪ್ಪಗಲ್ಲಿನ ಬಂಡೆಗಳಲ್ಲಿ ಕೆಲವನ್ನು ಬಡಿದರೆ ಗಂಟೆಯ ನಾದ ಬರುತ್ತದೆ, ನವಶಿಲಾಯುಗದ ಜನ ಬಡಿದ ಗುರುತುಗಳೂ ಇವೆ. ಆದರೆ ಸೀಸದ ಗುಂಡು ಕಲ್ಲಿಗೆ ತಾಗಿದರೆ ಎತ್ತ ಚಿಮ್ಮುತ್ತದೋ ಹೇಳಲಾಗದು. ಗುರಿಯ ಹಿಂದೆ ಕಲ್ಲಿಲ್ಲದ, ದಪ್ಪನೆಯ ಮಣ್ಣಿನ ಏರಿ ಬೇಕೇ ಬೇಕು. ಚಾಚಾ ಪ್ರತಿಸಲವೂ ಮೊದಲು ಏರಿಯ ಮೇಲೆ ನಡೆದು, ಮಳೆಗೆ ಮೇಲೆದ್ದ ಕಲ್ಲುಗಳನ್ನು ಕಾಲಿನಿಂದ ಒದ್ದು ಪಕ್ಕಕ್ಕೆ ಹಾಕುತ್ತಾರೆ.

ಆಸರೆಯ ಚೀಲಗಳು ನನ್ನ ಕಾರ್ಖಾನೆಯವು. ಜೀನ್ಸ್ ಹೊಲಿಯುವ ಘಟಕ ಇಟ್ಟುಕೊಂಡವನಿಗೆ ತಿರಸ್ಕೃತವಾದ ಪ್ಯಾಂಟಿಗೆ ಬರವೇ? ಕಾಲಿನ ಭಾಗ ಕತ್ತರಿಸಿ, ಒಂದು ತುದಿ ಹೊಲಿದು, ಮರಳು ತುಂಬಿದರೆ ಮುಂದಿನ ಚೀಲ. ಅಕ್ಕಿ ಗಿರಣಿಯ ಹೊಟ್ಟು ಸೇರಿಸಿ ತುಂಬಿದರೆ ಮಣಿಕಟ್ಟಿನ ಕೆಳಗಿಡುವ ಮೆತ್ತನೆಯ ಚೀಲ. ರಿವಾಲ್ವರಿನ ನಳಿಗೆಯನ್ನು ಚೀಲದ ಮೇಲೆ ಇಡಬಾರದು, ಕೈ ಮಾತ್ರ ಇಡಬೇಕು. ಸಿಲಿಂಡರಿಗೂ ನಳಿಗೆಗೂ ನಡುವೆ ಕಾಗದದಷ್ಟು ಸಂದಿ ಇರುತ್ತದಲ್ಲ, ಅಲ್ಲಿಂದ ಬಿಸಿ ಅನಿಲವೂ ಸೀಸದ ಚೂರೂ ಪಕ್ಕಕ್ಕೆ ಸಿಡಿಯುತ್ತವೆ. ನನ್ನ ಚೀಲಗಳ ಮೇಲೆ ಅದರ ಕಪ್ಪು ಗೆರೆ ಈಗಾಗಲೇ ಮೂಡಿದೆ. ಇದೇ ಸಂದಿಯ ಕಾರಣಕ್ಕೆ, ಡಬ್ಬಿಯ ಮೇಲೆ ಬರೆದ ವೇಗ ರೈಫಲಿನ ಉದ್ದ ನಳಿಗೆಯ ವೇಗವೆಂದೂ ನಮ್ಮದಕ್ಕೆ ಅದು ಸಿಗದೆಂದೂ ಚಾಚಾ ಹೇಳುತ್ತಾ ಬಂದಿದ್ದಾರೆ. ಸಿಗದ ವೇಗಕ್ಕೆ ಹಣ ಕೊಡುವವರೂ ಇದ್ದಾರೆ.

ಗುಂಡಿನ ಡಬ್ಬಿ ತೆರೆಯಲು ಚಾಚಾ ಬಿಡಲಿಲ್ಲ. "ತಮ್ಮಾ, ಗುಂಡಿನ ಪರೀಕ್ಷೆ ಆಮೇಲೆ. ಇದು ರಿವಾಲ್ವರ್. ಒಂದು ನಳಿಗೆಗೆ ಆರು ಬಾಗಿಲು. ಮೊದಲು ಆರನ್ನೂ ಬೇರೆ ಬೇರೆ ವಿಚಾರಿಸು" ಎಂದರು. ಕಾರ್ಖಾನೆಯ ಗುರುತು ಹಾಕುವ ಚಾಕ್‌ನಿಂದ ಸಿಲಿಂಡರಿನ ಮೇಲೆ ಒಂದರಿಂದ ಆರರವರೆಗೆ ಬರೆದೆವು. ಒಂದೊಂದು ಮನೆಗೆ ಒಂದೊಂದು ಕಾಗದ. ಆ ಮನೆಗೆ ಮಾತ್ರ ಗುಂಡು ತುಂಬಿ ಐದು ಹೊಡೆತ. ಬೇಸರದ ಕೆಲಸ, ನಿಜ. ಆದರೆ ಆರು ಕಾಗದ ಸಾಲಾಗಿ ಚಾಪೆಯ ಮೇಲೆ ಹರಡಿದಾಗ ವಿಷಯ ಮುಚ್ಚುಮರೆಯಿಲ್ಲದೆ ಎದುರಿಗಿತ್ತು. ಐದು ಮನೆಗಳು ಹೆಚ್ಚುಕಡಿಮೆ ಒಂದೇ ಕಡೆ ಹೊಡೆಯುತ್ತಿದ್ದವು. ನಾಲ್ಕನೆಯದು ಮಾತ್ರ ಎಡಕ್ಕೆ ಸರಿದು ಕೆಳಗಿಳಿದಿತ್ತು. ತನ್ನಷ್ಟಕ್ಕೆ ಅದರ ಗ್ರೂಪಿಂಗ್, ಅಂದರೆ ತೂತುಗಳು ಒತ್ತಟ್ಟಿಗೆ ಬೀಳುವುದು, ಕೆಟ್ಟದ್ದಲ್ಲ, ಜಾಗ ಬೇರೆ. ಆ ಮನೆ ನಳಿಗೆಗೆ ನೆಟ್ಟಗೆ ಬಂದು ನಿಲ್ಲುತ್ತಿಲ್ಲ, ಕೂದಲೆಳೆಯಷ್ಟು ಓರೆ.

ಆರೂ ಮನೆ ತುಂಬಿ ಹೊಡೆದರೆ ಎಂಥ ಒಳ್ಳೆಯ ಗುಂಡಿಗೂ ಒಂದು ತೂತು ಹೊರಗೆ ಬೀಳುತ್ತಿತ್ತು, ನಾವು ಗುಂಡನ್ನು ಬೈಯುತ್ತಿದ್ದೆವು. ಇಂದಿನ ಪರೀಕ್ಷೆ ಪೂರ್ತಿ ಐದು ಮನೆಗಳಲ್ಲೇ ನಡೆಯಿತು. ಸ್ಪರ್ಧೆಯ ಒಂದು ಸರಣಿಯಲ್ಲಿ ಇರುವುದೂ ಐದೇ ಗುಂಡು, ನಷ್ಟವೇನೂ ಇಲ್ಲ. ಸರಿಪಡಿಸಲು ಯಾರ ಕೈಗಾದರೂ ಕೊಡೋಣವೇ ಎಂದು ಕೇಳಿದ್ದಕ್ಕೆ ಚಾಚಾ, "ಐದು ಮನೆ ಚೆನ್ನಾಗಿರುವ ಊರಿನಲ್ಲಿ ಆರನೆಯವನಿಗಾಗಿ ಪಂಚಾಯ್ತಿ ಕರೆಯಬೇಡ" ಎಂದು ನಕ್ಕರು.

ಗುಂಡು ಬದಲಿಸುವಾಗಿನ ನಿಯಮವೂ ಅವರದೇ. ಒಂದೊಂದು ಕಂಪನಿಯ ಮೇಣ ಒಂದೊಂದು ಬಗೆ. ಹಳೆಯದರ ಪಸೆ ನಳಿಗೆಯಲ್ಲಿ ಉಳಿದಿರುವಾಗ ಹೊಸ ಗುಂಡಿನ ಗುಣ ತಿಳಿಯುವುದಿಲ್ಲ. ಆದ್ದರಿಂದ ಹೊಸ ಡಬ್ಬಿ ತೆರೆದಾಗಲೆಲ್ಲ ಮೊದಲ ಕೆಲವು ಸುತ್ತು ಲೆಕ್ಕಕ್ಕಿಲ್ಲ. ಸುಮ್ಮನೆ ಏರಿಗೆ ಹೊಡೆದು ನಳಿಗೆಗೆ ರೂಢಿ ಮಾಡಿಸಬೇಕು. ತಾಮ್ರಲೇಪದ ವೇಗದ ಗುಂಡು ಅಗಲವಾಗಿ ಚೆಲ್ಲಾಡಿತು, ಖಾಲಿ ತೋಟಾಗಳು ಮನೆಯಿಂದ ಹೊರಬರಲು ಹಟ ಮಾಡಿದವು. ಅದರಲ್ಲೇ ಒಂದು ಹೊತ್ತಿಕೊಳ್ಳಲಿಲ್ಲ. ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು, ಆಮೇಲೆ ತೆಗೆದು ನೋಡಿದರೆ ಅಂಚಿನ ಮೇಲೆ ಪೆಟ್ಟು ಸರಿಯಾಗಿಯೇ ಬಿದ್ದಿತ್ತು. ಆ ಜಾಗದಲ್ಲಿ ಮದ್ದು ಹರಡಿರಲಿಲ್ಲ, ಅಷ್ಟೇ. ತಿರುಗಿಸಿ ಹಾಕಿದಾಗ ಢಂ ಎಂದಿತು. ದುಬಾರಿ ಮ್ಯಾಚ್ ಗುಂಡು ಚೆನ್ನಾಗಿತ್ತು, ಆದರೆ ಎಸ್‌ಕೆಗಿಂತ ಮೇಲೇನಲ್ಲ. ರೈಫಲ್ಲಿನವರಿಗೆ 50 ಮೀಟರಿನಲ್ಲಿ ಅದರ ಬೆಲೆ ಕಾಣಬಹುದು. ಆರು ಬಾಗಿಲಿನ ಈ ಯಂತ್ರದಲ್ಲಿ ಕಾಣಲಿಲ್ಲ. ಅಂಚಿನ ದಪ್ಪ ಅಳೆದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಗುಂಡು ವಿಂಗಡಿಸುವವರೂ ಇದ್ದಾರೆ. ರಿವಾಲ್ವರಿಗೆ ಅದು ಕೆಲಸವಿಲ್ಲದವರ ಕೆಲಸ ಎಂದು ನನ್ನ ಅಭಿಪ್ರಾಯ.

ಒಂದು ಮಾತು ಮಾತ್ರ ನಿಜವಾಗಿಯೂ ಮುಖ್ಯ: ಡಬ್ಬಿಯ ಮೇಲಿನ ಲಾಟ್ ಸಂಖ್ಯೆ, ಅಂದರೆ ಯಾವ ಕಂತಿನಲ್ಲಿ ತಯಾರಾದದ್ದು ಎಂಬ ಗುರುತು. ಹೆಸರು ಒಂದೇ ಇದ್ದರೂ ಬೇರೆ ಲಾಟ್ ಎಂದರೆ ಬೇರೆ ಗುಂಡು ಎಂದೇ ತಿಳಿಯಬೇಕು. ದೊಡ್ಡ ಸ್ಪರ್ಧಿಗಳು ತಮ್ಮ ಆಯುಧ ಹೊತ್ತುಕೊಂಡು ಕಂಪನಿಯ ಪರೀಕ್ಷಾ ಕೇಂದ್ರಕ್ಕೇ ಹೋಗಿ, ಲಾಟ್ ಮೇಲೆ ಲಾಟ್ ಹೊಡೆದು ನೋಡಿ ಆರಿಸುತ್ತಾರೆ. ನಮಗೆ ಅಂಗಡಿಯಲ್ಲಿ ಏನಿದೆಯೋ ಅದೇ ಕೇಂದ್ರ.

ಮಧ್ಯಾಹ್ನ ಮನೆಗೆ ಬಂದರೆ ಷಡ್ಡಕರು ಕಾಯುತ್ತಿದ್ದರು. ಮುಂದಿನ ತಿಂಗಳು ಮಗನ ಮದುವೆ. ಮೆರವಣಿಗೆಯಲ್ಲಿ ಗಾಳಿಗೆ ಎರಡು ಗುಂಡು ಹಾರಿಸಿದರೆ ಕಳೆ ಎಂದರು. 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು ತಿಳಿಸಿ, ಒಗ್ಗರಣೆ ಮಿರ್ಚಿ ಕೊಟ್ಟು ಕಳಿಸಿದೆ.

ಸಂಜೆ ಮನೆಗಳಿಗೂ ನಳಿಗೆಗೂ ಬ್ರಷ್ ಆಡಿಸಿ, ಎಣ್ಣೆ ಬಟ್ಟೆ ಎಳೆದೆ. ಉಳಿದ ಗುಂಡುಗಳು ಒಳಕೋಣೆಯ ಕಬ್ಬಿಣದ ಬೀರುವಿಗೆ ಹೋದವು, ರಿವಾಲ್ವರ್ ಬೇರೆ ಬೀಗಕ್ಕೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಕಾರಿನೊಳಗೆ ಡಬ್ಬಿ ಬಿಟ್ಟರೆ ಮೇಣ ಮೆತ್ತಗಾಗಿ ಧೂಳೂ ಕಸವೂ ಅಂಟಿಕೊಳ್ಳುತ್ತವೆ. ಬೇಸಿಗೆಗೆ ಮುಂಚೆಯೇ ಅಭ್ಯಾಸ ಮುಗಿಸುವ ಯೋಚನೆ. ಅಂಗಡಿಯವರಿಗೆ ಫೋನ್ ಮಾಡಿ ಲಾಟ್ ಸಂಖ್ಯೆ ಓದಿ ಹೇಳಿದೆ. ಅದೇ ಲಾಟಿನ ಡಬ್ಬಿಗಳು ಇನ್ನೂ ಇವೆಯಂತೆ. ಸಂಕ್ರಾಂತಿ ಕಳೆಯಲಿ, ಬುಧವಾರ ಪರವಾನಗಿ ಪುಸ್ತಕ ತೆಗೆದುಕೊಂಡು ಬನ್ನಿ, ಅದರಲ್ಲಿ ಕೊಳ್ಳಲು ಅನುಮತಿಯಿರುವ ಗುಂಡು ಎಷ್ಟು ಬಾಕಿ ಇದೆಯೋ ಅಷ್ಟೂ ಕೊಡುತ್ತೇನೆ ಎಂದರು.