ಬಿಲ್ಡಿಂಗ್ ಸರ್ವೇಯರ್ ಆಗಬೇಕು ಅನ್ನುವವರಿಗೆ

ಸಿವಿಲ್ ಮುಗಿಸಿ ಇಂಗ್ಲೆಂಡಿಗೆ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಸಾಮಾನ್ಯವಾಗಿ ಸೈಟ್ ಎಂಜಿನಿಯರ್ ಇಲ್ಲಾ ಕ್ವಾಂಟಿಟಿ ಸರ್ವೇಯರ್ (ಕಟ್ಟಡದ ಖರ್ಚು ಲೆಕ್ಕ ಹಾಕುವವರು) ಕೆಲಸ ಹುಡುಕುತ್ತಾರೆ. ಬಿಲ್ಡಿಂಗ್ ಸರ್ವೇಯರ್ ಅಂತ ಇನ್ನೊಂದು ದಾರಿ ಇದೆ. ನಾನು ಅದರಲ್ಲೇ ಇದ್ದೇನೆ, ತುಂಬ ಇಷ್ಟಪಟ್ಟು ಮಾಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಈಗಾಗಲೇ ನಿಂತಿರುವ ಕಟ್ಟಡಕ್ಕೆ ಏನಾಗಿದೆ, ಯಾಕಾಗಿದೆ, ಏನು ಮಾಡಿದರೆ ಸರಿಹೋಗುತ್ತದೆ ಅಂತ ಹೇಳುವುದೇ ಇಲ್ಲಿ ಮುಖ್ಯ ಕೆಲಸ. (ಆಸ್ಟ್ರೇಲಿಯಾದಲ್ಲಿ ಇದೇ ಹೆಸರಿನವರು ನಕ್ಷೆ ಪರಿಶೀಲಿಸಿ ಪರ್ಮಿಟ್ ಕೊಡುತ್ತಾರೆ. ಅದು ಬೇರೆಯೇ ಕೆಲಸ.)

ತೇವದ ವಿಷಯವನ್ನೇ ತೆಗೆದುಕೊಳ್ಳಿ. ವಿಕ್ಟೋರಿಯಾ ರಾಣಿ ಕಾಲದ ಸಾಲುಮನೆಗಳ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು, ಸಾಮಾನ್ಯವಾಗಿ ಮಧ್ಯೆ ಟೊಳ್ಳು ಇರುವುದಿಲ್ಲ. ಮಳೆಗೆ ನೆನೆಯುತ್ತವೆ, ಗಾಳಿಗೆ ಒಣಗುತ್ತವೆ. ಯಾರೋ ಹೊರಗಡೆ ಸಿಮೆಂಟ್ ಬಳಿದುಬಿಟ್ಟರೆ ಒಳಗೆ ಸೇರಿದ ನೀರಿಗೆ ಹೊರಬರಲು ದಾರಿ ಇಲ್ಲ. ತೇವ ಅಳೆಯುವ ಮೀಟರ್ ಇಟ್ಟರೆ ಒದ್ದೆ ಅಂತ ತೋರಿಸುತ್ತದೆ ಅಷ್ಟೇ, ಕಾರಣ ಹೇಳುವುದಿಲ್ಲ. ಮಳೆನೀರಿನ ಪೈಪ್ ಒಡೆದಿದೆಯಾ, ಹೊರಗಿನ ನೆಲ ಎತ್ತರವಾಗಿದೆಯಾ, ಕಿಟಕಿ ತೆಗೆಯದೆ ಒಳಗಿನ ಹಬೆಯೇ ಗೋಡೆಗೆ ಕೂತು ಬೂಷ್ಟು ಹಿಡಿದಿದೆಯಾ, ಇದೆಲ್ಲ ನೋಡದೆ ಗೋಡೆಗೆ ತೂತು ಕೊರೆದು ತೇವ ತಡೆಯುವ ಕೆಮಿಕಲ್ ತುಂಬಿಸಿದರೆ ದುಡ್ಡು ದಂಡ. ನಮ್ಮೂರಿನ ಹಳೇ ಗಾರೆ ಮನೆಗಳಿಗೂ ಸಿಮೆಂಟ್ ಮೆತ್ತಿ ಇದೇ ಕಷ್ಟ ತಂದುಕೊಂಡಿದ್ದೇವೆ, ಅಲ್ವಾ?

ಬಿರುಕೂ ಹಾಗೇ. ಲಂಡನ್ ಸುತ್ತ ಜೇಡಿಮಣ್ಣು. ಬೇಸಿಗೆಯಲ್ಲಿ ದೊಡ್ಡ ಮರಗಳು ನೀರು ಹೀರಿಕೊಂಡಾಗ ಆ ಮಣ್ಣು ಕುಗ್ಗುತ್ತದೆ, ಆಳವಿಲ್ಲದ ಪಾಯ ಇಳಿಯುತ್ತದೆ, ಗೋಡೆಯಲ್ಲಿ ಓರೆಯಾಗಿ ಬಿರುಕು ಬೀಳುತ್ತದೆ. ಅದು ಇನ್ನೂ ಬೆಳೆಯುತ್ತಿದೆಯಾ ಇಲ್ಲಾ ಹಳೆಯದಾ ಅಂತ ತಿಳಿಯಲು ಬಿರುಕಿನ ಅಗಲ ಅಳೆಯುವ ಗೇಜ್ ಅಂಟಿಸಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆತುರದವರಿಗೆ ಈ ಕೆಲಸ ಕಷ್ಟ.

ಬರವಣಿಗೆ ಬಹಳ ಇದೆ. ಲೆಕ್ಕಕ್ಕಿಂತ ಜಾಸ್ತಿ. ಏನು ಕಂಡೆ, ಏನು ನೋಡಲು ಆಗಲಿಲ್ಲ, ಯಾವುದು ಅಂದಾಜು ಅಂತ ಬಿಡಿಸಿ ಬರೆಯಬೇಕು, ಯಾಕೆಂದರೆ ಆ ರಿಪೋರ್ಟ್ ನಂಬಿಕೊಂಡು ಒಂದು ಕುಟುಂಬ ತನ್ನ ಉಳಿತಾಯವನ್ನೆಲ್ಲ ಹಾಕಿ ಮನೆ ಕೊಳ್ಳುತ್ತದೆ. ಪಕ್ಕದ ಮನೆಯವರ ಜೊತೆ ಹಂಚಿಕೊಂಡ ಗೋಡೆಯ ತಕರಾರುಗಳೂ ಬರುತ್ತವೆ. ಅದಕ್ಕೆಂದೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಪಾರ್ಟಿ ವಾಲ್ ಕಾಯ್ದೆ ಇದೆ.

2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡ ಹೊತ್ತಿ ಉರಿದು 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ ಹಲಗೆಗಳೇ ಬೆಂಕಿಯನ್ನು ಮೇಲಕ್ಕೆ ಒಯ್ದವು. ಆಮೇಲೆ 2022ರಲ್ಲಿ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಬಂತು. 2023ರಲ್ಲಿ ಹಳೆಯ ಹಗುರ ಕಾಂಕ್ರೀಟ್ ಕುಸಿಯಬಹುದು ಅನ್ನುವ ಭಯದಿಂದ ಶಾಲಾ ಕಟ್ಟಡಗಳನ್ನು ಮುಚ್ಚಬೇಕಾಯಿತು. ಕಟ್ಟಡವನ್ನು ಸರಿಯಾಗಿ ನೋಡುವವರು ಎಷ್ಟು ಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ.

ದಾರಿ ಹೀಗೆ: ನಮ್ಮ ಬಿ.ಇ. ಆದಮೇಲೆ ಆರ್‌ಐಸಿಎಸ್ ಮಾನ್ಯತೆ ಇರುವ ಎಂ.ಎಸ್ಸಿ. ಮಾಡಿ. 1868ರಲ್ಲಿ ಲಂಡನ್‌ನಲ್ಲಿ ಶುರುವಾದ, ಸರ್ವೇಯರ್‌ಗಳ ವೃತ್ತಿ ಸಂಸ್ಥೆ ಅದು. ಓದು ಮುಗಿದ ಮೇಲೆ ಕೆಲಸ ಮಾಡುತ್ತಲೇ ಸುಮಾರು 2 ವರ್ಷದ ತರಬೇತಿ, ಒಂದು ಕೇಸ್ ಸ್ಟಡಿ, ಕೊನೆಗೆ ಆ ಸಂಸ್ಥೆಯ ಒಂದು ಗಂಟೆಯ ಸಂದರ್ಶನ. ನೀತಿ ನಿಯಮದ ಪ್ರಶ್ನೆಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಅಲ್ಲಿ ಎಡವಿದರೆ ಬೇರೆಲ್ಲ ಚೆನ್ನಾಗಿದ್ದರೂ ಪಾಸ್ ಮಾಡುವುದಿಲ್ಲ.

ಇನ್ನೂ ಊರಲ್ಲೇ ಇದ್ದರೆ ನಿಮ್ಮ ಬೀದಿಯ ಒಂದು ಹಳೇ ಕಟ್ಟಡ ಆರಿಸಿ, ಮಾಲೀಕರನ್ನು ಕೇಳಿ, ಮಳೆಗಾಲದಲ್ಲಿ ಒಮ್ಮೆ ಬೇಸಿಗೆಯಲ್ಲಿ ಒಮ್ಮೆ ನೋಡಿ ಎರಡು ಪುಟದ ರಿಪೋರ್ಟ್ ಬರೆಯಿರಿ. ನನಗೆ ಕಳಿಸಿದರೆ ಖಂಡಿತ ಓದಿ ಹೇಳುತ್ತೇನೆ.